ಮೊದಲು ನಿಲ್ಲೋದು ಕಲೀಲಿ

ಗುಬ್ಬಿಯಿಂದ ಚೇಳೂರಿನ ಕಡೆ ಹೋಗುವ ರಸ್ತೆಯಲ್ಲಿ ಸ್ವಲ್ಪ ದೂರ ಸಾಗಿ ಎಡಕ್ಕೆ ಮಣ್ಣಿನ ದಾರಿ ಹಿಡಿದರೆ ಒಬ್ಬ ಮೇಷ್ಟ್ರ ತೋಟದ ಮನೆ. ಆ ಮನೆಯ ಕೊಬ್ಬರಿ ಅಟ್ಟದ ಕೆಳಗೆ ಕಾರು ನಿಂತಿತ್ತು. ಮೇಲೆ ಸಾವಿರಾರು ತೆಂಗಿನಕಾಯಿ ಕತ್ತಲಲ್ಲಿ ಕೊಬ್ಬರಿಯಾಗಲು ಕೂತಿದ್ದವು. ಕೆಳಗೆ, ಹಳೆ ಬೆಡ್‌ಶೀಟ್ ಹೊದ್ದುಕೊಂಡು 1998ರ ಮಾರುತಿ ಝೆನ್. ಮೇಷ್ಟ್ರು ಬೆಡ್‌ಶೀಟ್ ಎಳೆದಾಗ ತೆಂಗಿನ ನಾರಿನ ಧೂಳು ಎದ್ದು ಬಿಸಿಲುಕೋಲಿನಲ್ಲಿ ತೇಲಿತು. ಧೂಳು ಇಳಿದ ಮೇಲೆ ಕೆಂಪು ಬಣ್ಣ ಕಂಡಿತು. ಆ ಗುಂಡಗಿನ ಮುಖ, ಮೊಟ್ಟೆಯ ಹಾಗೆ ಎಲ್ಲೂ ಮೂಲೆಯಿಲ್ಲದ ಆ ಮೈ. ನಾನು ಹೈಸ್ಕೂಲಿನಲ್ಲಿದ್ದಾಗ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಇಂಥದ್ದೊಂದು ಹೋದರೆ ಸೈಕಲ್ ನಿಲ್ಲಿಸಿ ನೋಡುತ್ತಿದ್ದೆ.

ಮೇಷ್ಟ್ರು ರಿಟೈರ್ ಆಗಿ ಬಹಳ ವರ್ಷ. ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಓಡಿಸುವುದನ್ನು ಬಿಟ್ಟಿದ್ದರು. 2023ರಲ್ಲಿ ಆರ್.ಸಿ. ನವೀಕರಣ ಮಾಡಿಸಿದ್ದರು. ಹದಿನೈದು ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಗಿತ್ತು. ಓಡಿಸುವುದು ಅನುಮಾನ ಅಂತ ಗೊತ್ತಿದ್ದೂ ಅಷ್ಟು ದುಡ್ಡು ಕಟ್ಟಿದ್ದಾರೆ ಅಂದರೆ ಆ ಕಾರಿನ ಮೇಲೆ ಅವರಿಗೆ ಎಷ್ಟು ಜೀವ ಅಂತ ನನಗೆ ಅಲ್ಲೇ ತಿಳಿಯಿತು. "ಮಗಳನ್ನ ಹೆರಿಗೆಗೆ ಕರ್ಕೊಂಡು ಹೋಗಿದ್ದು ಇದ್ರಲ್ಲೇ ಕಣಪ್ಪ. ರಾತ್ರಿ ಎರಡು ಗಂಟೆ, ಜಡಿಮಳೆ. ಒಂದು ಸಲಾನೂ ಕೈಕೊಡ್ಲಿಲ್ಲ" ಅಂದರು. 45 ಸಾವಿರ ಹೇಳಿ 38ಕ್ಕೆ ಕೊಟ್ಟರು. 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕುವಾಗ ಪೆನ್ನು ಸ್ವಲ್ಪ ಹೊತ್ತು ಕಾಗದದ ಮೇಲೇ ನಿಂತಿತ್ತು. ಟೋಯಿಂಗ್ ಲಾರಿ ಬಂದಾಗ ಮೇಷ್ಟ್ರ ಮನೆಯ ಅಮ್ಮ ಒಳಗಿನಿಂದ ಕುಂಕುಮ ತಂದು ಬಾನೆಟ್ಟಿಗೆ ಇಟ್ಟರು. ಕೊಟ್ಟ ಮನೆಯವರೇ ಪೂಜೆ ಮಾಡಿ ಕಳಿಸಿದ ಕಾರದು.

ಝೆನ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. 1993ರಲ್ಲಿ ಅದು ನಮ್ಮ ದೇಶದ ರಸ್ತೆಗೆ ಇಳಿದಾಗ ಮಧ್ಯಮ ವರ್ಗದ ಮನೆಯ ಕಾರು ಅಂದರೆ ಮಾರುತಿ 800. ಅದರದು 796 ಸಿಸಿಯ ಮೂರು ಸಿಲಿಂಡರಿನ ಇಂಜಿನ್ನು. ಝೆನ್‌ನದು 993 ಸಿಸಿ, ನಾಲ್ಕು ಸಿಲಿಂಡರು, ಅಲ್ಯೂಮಿನಿಯಮ್ಮಿನ ಇಂಜಿನ್, 50 ಅಶ್ವಶಕ್ತಿ, ಐದು ಗೇರು. ಒಟ್ಟು ತೂಕ ಏಳೂವರೆ ನೂರು ಕಿಲೋ ಆಸುಪಾಸು. ಈ ತೂಕವೇ ಅದರ ಗುಟ್ಟು. ಈಗಿನ ಸಣ್ಣ ಎಸ್‌ಯುವಿಗಳೂ ಒಂದು ಟನ್ ಆಸುಪಾಸು ತೂಗುತ್ತವೆ. ಅವುಗಳ ಶಕ್ತಿ ಹೆಚ್ಚು, ನಿಜ. ಆದರೆ ತಿರುವಿನಲ್ಲಿ ಆ ಭಾರವನ್ನೆಲ್ಲ ಎಳೆದುಕೊಂಡು ತಿರುಗಬೇಕು, ನಿಲ್ಲುವಾಗ ಅಷ್ಟನ್ನೂ ಹಿಡಿದು ನಿಲ್ಲಿಸಬೇಕು. ಹಗುರ ಕಾರು ಹೇಳಿದ ಮಾತು ಕೇಳುತ್ತದೆ. ಸ್ಟೀರಿಂಗ್ ಒಂದು ಬೆರಳಿನಷ್ಟು ತಿರುಗಿಸಿದರೆ ಒಂದು ಬೆರಳಿನಷ್ಟೇ ತಿರುಗುತ್ತದೆ. ರಸ್ತೆಯ ಕಲ್ಲು, ಮರಳು, ಹಳ್ಳ ಎಲ್ಲವೂ ಅಂಗೈಗೆ ಗೊತ್ತಾಗುತ್ತವೆ. 2006ರ ಹೊತ್ತಿಗೆ ಈ ಝೆನ್ ತಯಾರಿಕೆ ನಿಂತಿತು. ಇನ್ನು ಉಳಿದಿರುವುದು ಮೇಷ್ಟ್ರಂಥವರ ಅಟ್ಟದ ಕೆಳಗೆ, ಇಲ್ಲವೆ ಗುಜರಿಯಲ್ಲಿ.

ತುಮಕೂರಿನಲ್ಲಿ ನನ್ನ ಕಾರನ್ನು ನೋಡಿಕೊಳ್ಳುವವರು ಒಬ್ಬ ಭಾಯ್. ಅಪ್ಪನ ಕಾಲದಿಂದ ಅದೇ ಗ್ಯಾರೇಜು, ತಗಡಿನ ಮಾಡು, ಮುಂದೊಂದು ಹೊಂಗೆ ಮರ. ಕಾರು ಇಳಿಸುತ್ತಲೇ ನಾನು ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಬಿಟ್ಟೆ. ಎಸ್ಟೀಮ್‌ನ 1.3 ಲೀಟರ್ ಇಂಜಿನ್ ಕೂರಿಸಬಹುದಂತೆ, ಸೈಲೆನ್ಸರ್ ಬದಲಾಯಿಸೋಣ, ಕಾರನ್ನು ಎರಡು ಇಂಚು ಕೆಳಗಿಳಿಸೋಣ. ಭಾಯ್ ಎಲ್ಲ ಕೇಳಿಸಿಕೊಂಡರು. ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬ್ರೇಕಿನ ರಬ್ಬರ್ ಹೋಸನ್ನು ಹೆಬ್ಬೆರಳಿಂದ ಬಗ್ಗಿಸಿದರು. ರಬ್ಬರು ಬಾಯಿಬಿಟ್ಟಿತು. "ಸಾರ್, ಮೊದಲು ಇದು ನಿಲ್ಲೋದು ಕಲೀಲಿ. ಓಡೋದು ಆಮೇಲೆ" ಅಂದರು.

ಆ ಒಂದು ಮಾತಿನ ಮೇಲೆ ನಾಲ್ಕು ತಿಂಗಳ ಕೆಲಸ ನಡೆಯಿತು. ನಾಲ್ಕು ಚಕ್ರದ ಬ್ರೇಕ್ ಹೋಸುಗಳು, ಮುಂದಿನ ಡಿಸ್ಕು ಮತ್ತು ಪ್ಯಾಡು, ಹಿಂದಿನ ಡ್ರಮ್ಮಿನ ಶೂ, ವೀಲ್ ಸಿಲಿಂಡರು ಎಲ್ಲ ಹೊಸದು. ಹಳೆ ಬ್ರೇಕ್ ಆಯಿಲ್ ಹೊರಗೆ ಬಂದಾಗ ಕಡುಕಾಫಿಯ ಬಣ್ಣಕ್ಕಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದ ಆಯಿಲ್ ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾದಾಗ ಬೇಗ ಕುದಿದು ಆವಿಯಾಗುತ್ತದೆ, ಪೆಡಲ್ ಪೊಳ್ಳಾಗಿ ನೆಲಕ್ಕೆ ಹೋಗುತ್ತದೆ. ದೇವರಾಯನದುರ್ಗದಿಂದ ಇಳಿಯುವಾಗ ಅಂಥ ಪೆಡಲ್ ಸಿಕ್ಕರೆ ಏನಾಗುತ್ತದೆ ಅನ್ನುವುದನ್ನು ಹೇಳಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆ ಇದನ್ನು ಬದಲಾಯಿಸಿ, ಕಾರು ಓಡಲಿ ಬಿಡಲಿ.

ಪೆಟ್ರೋಲ್ ಪೈಪುಗಳನ್ನೂ ಕಿತ್ತು ಹೊಸದು ಹಾಕಿಸಿದೆ. ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ತೊಂಬತ್ತರ ದಶಕದ ರಬ್ಬರ್ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಲ್ಲ. ಉಬ್ಬುತ್ತದೆ, ಮೆತ್ತಗಾಗುತ್ತದೆ, ಬಿರುಕು ಬಿಡುತ್ತದೆ. ಬಿಸಿ ಇಂಜಿನ್ನಿನ ಪಕ್ಕದಲ್ಲಿ ಪೆಟ್ರೋಲ್ ಜಿನುಗುವುದು ಬೆಂಕಿಗೆ ದಾರಿ. ಹಳೆ ಕಾರು ಇಟ್ಟುಕೊಂಡವರು ಬಣ್ಣಕ್ಕೆ ದುಡ್ಡು ಹಾಕುವ ಮುಂಚೆ ಇದಕ್ಕೆ ಹಾಕಬೇಕು. ಆಮೇಲೆ ಸಸ್ಪೆನ್ಷನ್ನಿನ ಬುಶ್ಶುಗಳು, ಮುಂದಿನ ಸ್ಟ್ರಟ್ಟು, ಇಂಜಿನ್ ಮೌಂಟಿಂಗು. ತುಮಕೂರಿನಲ್ಲಿ ಸಿಗದ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ, ಅಲ್ಲೂ ಸಿಗದ್ದಕ್ಕೆ ಶಿವಾಜಿನಗರದ ಗುಜರಿ ಅಂಗಡಿಗಳ ಸಾಲಿಗೆ. ಒಂದು ಬಾಗಿಲ ಹಿಡಿಕೆಗಾಗಿ ಮೂರು ಭಾನುವಾರ ಅಲೆದದ್ದಿದೆ. ಸಿಕ್ಕ ದಿನ ಬಸ್ಸಿನಲ್ಲಿ ಅದನ್ನು ಕೈಯಲ್ಲೇ ಹಿಡಿದುಕೊಂಡು ಬಂದೆ.

ಟೈರಿನಲ್ಲಿ ಮಾತ್ರ ಒಂದು ಸಣ್ಣ ಬದಲಾವಣೆಗೆ ಭಾಯ್ ಒಪ್ಪಿದರು. ಕಂಪನಿ ಕೊಟ್ಟ ಅಳತೆ 145/70, ಹದಿಮೂರು ಇಂಚಿನ ರಿಮ್ಮು. ಅದೇ ರಿಮ್ಮಿಗೆ 165/65 ಹಾಕಿಸಿದೆವು. ಅಗಲ ಎರಡು ಸೆಂಟಿಮೀಟರ್ ಹೆಚ್ಚಿತು, ರಸ್ತೆಯ ಹಿಡಿತವೂ ಹೆಚ್ಚಿತು. ಎತ್ತರ ಮಾತ್ರ ಒಟ್ಟು ವ್ಯಾಸದಲ್ಲಿ ಒಂದು ಸೆಂಟಿಮೀಟರಿನ ಮೇಲೆ ಒಂದೂವರೆ ಮಿಲಿಮೀಟರ್‌ನಷ್ಟೇ ಏರಿತು, ಅಂದರೆ ಶೇ. 2ರಷ್ಟು. ಸ್ಪೀಡೋಮೀಟರ್ ಅಷ್ಟು ಕಮ್ಮಿ ತೋರಿಸುತ್ತದೆ ಅನ್ನುವುದು ನೆನಪಿದ್ದರೆ ಸಾಕು. ಇದಕ್ಕಿಂತ ಅಗಲ ಬೇಡ ಅಂದರು ಭಾಯ್. ಪವರ್ ಸ್ಟೀರಿಂಗ್ ಇಲ್ಲದ ಕಾರು, ಮಂಡಿಪೇಟೆಯ ಇಕ್ಕಟ್ಟಿನಲ್ಲಿ ತಿರುಗಿಸುವಾಗ ತೋಳು ಬಿದ್ದುಹೋಗುತ್ತದೆ.

ಇನ್ನು ಆಯಿಲ್ ಸೋರಿಕೆಯ ಕತೆ. ನಿಂತ ಜಾಗದಲ್ಲೆಲ್ಲ ಎರಡು ಹನಿ. ಭಾಯ್ ಊರಿಗೆ ಹೋಗಿದ್ದಾಗ ಬೇರೊಂದು ಕಡೆ ತೋರಿಸಿದೆ. ನೋಡುತ್ತಲೇ "ಇಂಜಿನ್ ಇಳಿಸಬೇಕು, 25 ಸಾವಿರ ಆಗುತ್ತೆ" ಅಂದರು. ಮನಸ್ಸು ಮುದುಡಿತು. ಭಾಯ್ ವಾಪಸ್ ಬಂದ ಮೇಲೆ ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ಇಂಜಿನ್ನನ್ನು ಮೂಲೆಮೂಲೆ ತೊಳೆದರು. ಒಣಗಿಸಿದರು. ಆಮೇಲೆ ಮನೆಯಿಂದ ಮಗುವಿನ ಪೌಡರ್ ಡಬ್ಬಿ ತಂದು ಇಂಜಿನ್ನಿನ ಮೈಗೆಲ್ಲ ಉದುರಿಸಿದರು. ಕಪ್ಪು ಲೋಹ ಬೆಳ್ಳಗಾಯಿತು. ಗಾಡಿ ಸ್ಟಾರ್ಟ್ ಮಾಡಿ ಇಬ್ಬರೂ ಬಾನೆಟ್ಟಿನ ಮೇಲೆ ಬಾಗಿ ನಿಂತೆವು. ಹತ್ತು ನಿಮಿಷ ಏನೂ ಇಲ್ಲ. ಬಿಳಿ ಪೌಡರು ಹಾಗೇ ಇದೆ. ಆಮೇಲೆ ಡಿಸ್ಟ್ರಿಬ್ಯೂಟರು ಇಂಜಿನ್ನಿಗೆ ಕೂರುವ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಜಾಗ ಒದ್ದೆಯಾಗಿ ಕಪ್ಪಾಯಿತು. ಅಲ್ಲಿಂದ ಒಂದು ಗೆರೆ ಕೆಳಗಿಳಿಯಿತು. "ಸಿಕ್ತು" ಅಂದರು ಭಾಯ್, ಬಹಳ ಮೆಲ್ಲಗೆ. ಬಳೆಯಂಥ ಒಂದು ರಬ್ಬರ್ ರಿಂಗು, ನೂರು ರೂಪಾಯಿಯೊಳಗಿನ ಸಾಮಾನು. ಅಷ್ಟೇ ಹೋಗಿದ್ದದ್ದು.

ಅದನ್ನು ನೋಡುತ್ತಿದ್ದಾಗ ನನಗೆ ಕೈದಾಳ ನೆನಪಾಯಿತು. ತುಮಕೂರಿನಿಂದ ಕುಣಿಗಲ್ ಕಡೆ ಹೋಗುವಾಗ ಗೂಳೂರಿನ ಹತ್ತಿರವೇ ಇದೆ ಆ ಊರು. ಜಕಣಾಚಾರಿಯ ಊರು ಅದೇ ಅಂತ ನಮ್ಮ ಕಡೆಯ ಐತಿಹ್ಯ. ಬೇಲೂರಿನಲ್ಲಿ ಜಕಣ ಕಡೆದ ವಿಗ್ರಹದಲ್ಲಿ ದೋಷವಿದೆ ಅಂತ ಒಬ್ಬ ಹುಡುಗ ಹೇಳಿದ. ಮೈಗೆಲ್ಲ ಗಂಧ ಲೇಪಿಸಿದರು. ಎಲ್ಲ ಕಡೆ ಗಂಧ ಒಣಗಿತು, ಹೊಕ್ಕುಳ ಹತ್ತಿರ ಒಂದು ಜಾಗ ಮಾತ್ರ ಹಸಿಯಾಗೇ ಉಳಿಯಿತು. ಅಲ್ಲಿ ಒಡೆದು ನೋಡಿದರೆ ಒಳಗೆ ನೀರು, ಕಪ್ಪೆ. ಜಕಣ ಕೊಟ್ಟ ಮಾತಿನಂತೆ ತನ್ನ ಬಲಗೈ ಕಡಿದುಕೊಂಡ. ಹುಡುಗ ಅವನ ಮಗನೇ ಡಂಕಣ. ಆಮೇಲೆ ಈ ಊರಿನಲ್ಲಿ ಚೆನ್ನಕೇಶವನ ಗುಡಿ ಕಟ್ಟಿದಾಗ ಕೈ ಮರಳಿ ಬಂತು, ಊರಿಗೆ ಕೈದಾಳ ಅಂತ ಹೆಸರಾಯಿತು. ಇದು ಇತಿಹಾಸವೋ ಕತೆಯೋ ಪಂಡಿತರು ಹೇಳಲಿ. ಗಂಧ ಸವರಿ ದೋಷ ಹುಡುಕುವ ಆ ಉಪಾಯ ಮಾತ್ರ ಕೆಲಸ ಬಲ್ಲವನ ತಲೆಯಿಂದಲೇ ಬಂದಿರಬೇಕು. ಕಾಣದ ಬಿರುಕನ್ನು ಅದೇ ತೋರಿಸಿಕೊಳ್ಳುವ ಹಾಗೆ ಮಾಡುವುದು. ಆ ಜಾಣತನ ಇನ್ನೂ ಇದೇ ಸೀಮೆಯಲ್ಲಿ, ತಗಡಿನ ಮಾಡಿನ ಕೆಳಗೆ, ಪೌಡರ್ ಡಬ್ಬಿ ಹಿಡಿದು ಕೂತಿದೆ ಅಂತ ನಾನು ನಂಬಿದ್ದೇನೆ.

ಕಾರ್ಬೊರೇಟರ್ ಕೆಲಸ ನಾನೇ ಮಾಡಿದೆ. ನಮ್ಮಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವರು. ಆ ಕಾರ್ಖಾನೆ ಮುಚ್ಚಿತು, ಜಾಗ ಇಸ್ರೋದ ಪಾಲಾಯಿತು, ಅಪ್ಪನೂ ಈಗಿಲ್ಲ. ಅವರ ಚಿಮಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಸೂಜಿಯಂಥ ಸ್ಕ್ರೂಡ್ರೈವರುಗಳು ಒಂದು ತಗಡಿನ ಪೆಟ್ಟಿಗೆಯಲ್ಲಿ ಹಾಗೇ ಇದ್ದವು. ಕಾರ್ಬೊರೇಟರಿನ ಜೆಟ್ಟು ಅಂದರೆ ಹಿತ್ತಾಳೆಯ ಒಂದು ಸಣ್ಣ ಮೊಳೆ, ನಡುವೆ ಕೂದಲೆಳೆಯಷ್ಟು ತೂತು. ಇಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕು ಅಂತ ಆ ತೂತು ತೀರ್ಮಾನಿಸುತ್ತದೆ. ಎರಡು ವರ್ಷ ನಿಂತ ಪೆಟ್ರೋಲು ಅದರಲ್ಲಿ ಅಂಟಿನಂತೆ ಗಟ್ಟಿಯಾಗಿ ಕೂತಿತ್ತು. ತಂತಿ ಹಾಕಿ ಕೆದಕಬಾರದು, ತೂತು ದೊಡ್ಡದಾದರೆ ಲೆಕ್ಕ ತಪ್ಪುತ್ತದೆ. ನೆನೆಹಾಕಿ, ಗಾಳಿ ಹೊಡೆದು, ಬೆಳಕಿಗೆ ಹಿಡಿದು ನೋಡಬೇಕು. ಅಡುಗೆಮನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅಪ್ಪನ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಆ ಜೆಟ್ಟನ್ನು ಟ್ಯೂಬ್‌ಲೈಟಿಗೆ ಹಿಡಿದೆ. ಕೊನೆಗೂ ಗುಂಡಗೆ, ಸ್ವಚ್ಛವಾಗಿ ಒಂದು ಬೆಳಕಿನ ಚುಕ್ಕಿ ಕಂಡಿತು. ಅಪ್ಪ ಜೀವಮಾನವೆಲ್ಲ ಹೀಗೆ ಒಂದೇ ಕಣ್ಣಲ್ಲಿ ನೋಡಿ ನೋಡಿ ಸಂಪಾದಿಸಿ ನಮ್ಮನ್ನು ಓದಿಸಿದರು ಅನ್ನುವುದು ಆ ಚುಕ್ಕಿಯಲ್ಲಿ ಮೊದಲ ಸಲ ನನಗೆ ಪೂರ್ತಿ ಅರ್ಥವಾಯಿತು.

ತಪ್ಪುಗಳನ್ನೂ ಹೇಳಬೇಕು. ಭಾಯ್ ಬೇಡವೆಂದರೂ ಒಂದು ಕಡೆ ದೊಡ್ಡ ಬಾಯಿಯ ಸೈಲೆನ್ಸರು, ಶಂಕುವಿನಾಕಾರದ ಏರ್ ಫಿಲ್ಟರು ಹಾಕಿಸಿದೆ. ಶಬ್ದ ಬಂತು, ಪಿಕಪ್ ಹೋಯಿತು. ಕಂಪನಿಯ ಏರ್ ಫಿಲ್ಟರ್ ಡಬ್ಬಿ ಹೊರಗಿನ ತಂಪು ಗಾಳಿಯನ್ನು ಎಳೆದು ಕೊಡುತ್ತದೆ. ಈ ಹೊಸ ಫಿಲ್ಟರ್ ಬಾನೆಟ್ಟಿನೊಳಗಿನ ಬಿಸಿ ಗಾಳಿಯನ್ನೇ ಕುಡಿಯುತ್ತಿತ್ತು. ಬಿಸಿ ಗಾಳಿ ವಿರಳ, ಅದರಲ್ಲಿ ಆಮ್ಲಜನಕ ಕಮ್ಮಿ, ಬಲವೂ ಕಮ್ಮಿ. ಶಬ್ದದ ವಿಷಯ ಅದಕ್ಕಿಂತ ಕೆಟ್ಟದ್ದು. ನಮ್ಮ ಬೀದಿಯಲ್ಲಿ ಹಾಸಿಗೆ ಹಿಡಿದ ಒಬ್ಬ ಅಜ್ಜಿ ಇದ್ದಾರೆ. ನಾನು ಬೆಳಿಗ್ಗೆ ಐದಕ್ಕೆ ಗಾಡಿ ತೆಗೆದಾಗ ಅವರು ಬೆಚ್ಚಿ ಏಳುತ್ತಾರೆ ಅಂತ ಅವರ ಸೊಸೆ ಬಂದು ಹೇಳಿದರು. ಬೈಯಲಿಲ್ಲ, ಹೇಳಿದರು ಅಷ್ಟೇ. ಅದೇ ವಾರ ಎರಡನ್ನೂ ತೆಗೆಸಿ ಹಳೆಯದನ್ನೇ ಹಾಕಿಸಿದೆ. ನನ್ನ ಖುಷಿಗೆ ಇನ್ನೊಬ್ಬರ ನಿದ್ದೆ ಬೆಲೆ ಆಗಬಾರದು.

1.3ರ ಇಂಜಿನ್ನಿನ ಆಸೆಯನ್ನೂ ಬಿಟ್ಟೆ. ಕೂರುತ್ತದೆ, ಕೂರಿಸಿದವರಿದ್ದಾರೆ, ಎರಡೂ ಸುಜುಕಿಯ ಒಂದೇ ಮನೆತನದ ಇಂಜಿನ್ನುಗಳು. ಆದರೆ ಆರ್.ಸಿ.ಯಲ್ಲಿ ಬರೆದಿರುವುದು ಒಂದು, ಬಾನೆಟ್ಟಿನ ಕೆಳಗಿರುವುದು ಇನ್ನೊಂದು ಅಂತ ಆಗಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಅದನ್ನೇ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ಅಂತ ಬಂತು. ಏನಾದರೂ ಅನಾಹುತವಾದರೆ ಇನ್ಶೂರೆನ್ಸಿನವರ ಮುಂದೆ ನಿಲ್ಲುವುದೂ ಕಷ್ಟ. ಕಾನೂನಿನ ಭಯಕ್ಕಿಂತ ದೊಡ್ಡ ಕಾರಣ ಬೇರೆ ಇದೆ. 50 ಅಶ್ವಶಕ್ತಿಯನ್ನೇ ಪೂರ್ತಿ ಬಳಸುವುದು ನನಗಿನ್ನೂ ಬಂದಿರಲಿಲ್ಲ.

ವೇಗ ನೋಡಲೇಬೇಕು ಅನ್ನುವ ಹುಡುಗರಿಗೆ ನಾನು ಹೇಳುವುದಿಷ್ಟು: ಹೈವೇಯಲ್ಲಿ ಬೇಡ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನವರ ಕೆ-1000 ರಾಲಿ ಇದೆ, ಆಟೋಕ್ರಾಸ್‌ಗಳಿವೆ. ಅಲ್ಲಿ ರಸ್ತೆ ಮುಚ್ಚಿರುತ್ತಾರೆ, ಹೆಲ್ಮೆಟ್ ಇರುತ್ತದೆ, ಆಂಬುಲೆನ್ಸ್ ನಿಂತಿರುತ್ತದೆ. ನಮ್ಮ ಬಿ.ಎಚ್. ರಸ್ತೆಯಲ್ಲಿ ಹಾಲಿನ ಕ್ಯಾನ್ ಹೊತ್ತ ಸೈಕಲ್ಲು, ಶಾಲೆ ಮಕ್ಕಳು, ರಾಗಿ ಒಣಹಾಕಿದ ಮುದುಕಿ ಇರುತ್ತಾರೆ. ಅವರೆಲ್ಲ ರೇಸಿಗೆ ಹೆಸರು ಕೊಟ್ಟವರಲ್ಲ.

ಕಾರು ಸಿದ್ಧವಾದ ಮೊದಲ ಭಾನುವಾರ ಬೆಳಿಗ್ಗೆ ಕುಣಿಗಲ್ಲಿಗೆ ಹೊರಟೆ. ಚೋಕ್ ಎಳೆದು ಸೆಲ್ಫ್ ಹೊಡೆದೆ, ಒಂದೇ ಸಲಕ್ಕೆ ಹಿಡಿಯಿತು. ಗೂಳೂರು ಕೆರೆಯ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಇಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಮೀಟರ್ ನನ್ನ ಕಾರಿನಲ್ಲಿಲ್ಲ, ಕಿವಿಯೇ ಮೀಟರು. ಎರಡನೇ ಗೇರಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ಬಿಟ್ಟರೆ ಗುನುಗು ಹೋಗಿ ಸಣ್ಣ ಗಂಟಲಿನ ಹಾಡು ಶುರುವಾಗುತ್ತದೆ. ಆಗ ಮೂರಕ್ಕೆ ಹಾಕಬೇಕು. ಹೆಬ್ಬೂರಿನ ಹತ್ತಿರದ ಒಂದು ತಿರುವಿನಲ್ಲಿ, ಬ್ರೇಕನ್ನು ಮೆಲ್ಲಗೆ ಒತ್ತಿ, ಗೇರಿಳಿಸಿ, ಸ್ಟೀರಿಂಗ್ ತಿರುಗಿಸಿ, ತಿರುವಿನ ನಡುವಿಂದ ಮತ್ತೆ ಆಕ್ಸಿಲರೇಟರ್ ಕೊಟ್ಟೆ. ಎಲ್ಲ ಒಂದೇ ಉಸಿರಿನಲ್ಲಿ ಆಯಿತು. ಸ್ಪೀಡೋಮೀಟರಿನಲ್ಲಿ 50 ಇತ್ತು. ಐವತ್ತೇ. ಮೈಯೆಲ್ಲ ಜುಮ್ಮೆಂದಿತು. ಇಪ್ಪತ್ತು ಲಕ್ಷದ ಕಾರಿನಲ್ಲಿ ಇದೇ ತಿರುವನ್ನು ಎಷ್ಟೋ ಸಲ ದಾಟಿದ್ದೇನೆ, ಗೆಳೆಯರ ಕಾರಿನಲ್ಲಿ. ಅಲ್ಲೊಂದು ತಿರುವಿದೆ ಅನ್ನುವುದೂ ಗೊತ್ತಾಗಿರಲಿಲ್ಲ.

ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲೆ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಸ್ಟಡ್ ಫಾರಂನ ಬೇಲಿಯ ಹತ್ತಿರ. ಟಿಪ್ಪುವಿನ ಕಾಲದಲ್ಲಿ ಸೇನೆಗೆ ಕುದುರೆ ಬೆಳೆಸಿದ ನೆಲ ಅದು. ಆಮೇಲೆ ರೇಸಿನ ಕುದುರೆಗಳ ತವರಾಯಿತು. ಬೇಲಿಯಾಚೆ ಹುಲ್ಲಿನಲ್ಲಿ ಒಂದು ತಾಯಿ ಕುದುರೆ, ಪಕ್ಕದಲ್ಲಿ ಮರಿ. ಜೇಮ್ಸ್ ವಾಟ್ ತನ್ನ ಆವಿ ಯಂತ್ರದ ಬಲವನ್ನು ಜನರಿಗೆ ತಿಳಿಸಲು ಕುದುರೆಯ ಅಳತೆ ಬಳಸಿದ. ಸುಮಾರು 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಿದರೆ ಅದು ಒಂದು ಅಶ್ವಶಕ್ತಿ. ಮರಿ ಇದ್ದಕ್ಕಿದ್ದಂತೆ, ಯಾರೂ ಓಡಿಸದೆ, ಯಾವುದಕ್ಕೂ ಅಲ್ಲದೆ, ಬೇಲಿಯ ಉದ್ದಕ್ಕೂ ಓಡಿತು. ಮೂಲೆಗೆ ಹೋಗಿ ತಟ್ಟನೆ ನಿಂತಿತು. ತಿರುಗಿ ತಾಯಿಯ ಕಡೆ ನೋಡಿತು. ಅಂಥ ಐವತ್ತು ನನ್ನ ಬೆನ್ನ ಹಿಂದೆ ಬಾನೆಟ್ಟಿನ ಕೆಳಗೆ ಬೆಚ್ಚಗೆ ನಿಂತಿದ್ದವು.

ವಾಪಸ್ ಬರುವಾಗ ನೇರ ಮನೆಗೆ ಹೋಗಲಿಲ್ಲ. ತುಮಕೂರು ದಾಟಿ ಗುಬ್ಬಿಗೆ ಹೋಗಿ ಮೇಷ್ಟ್ರನ್ನೂ ಅಮ್ಮನನ್ನೂ ಕೂರಿಸಿಕೊಂಡು ಚನ್ನಬಸವೇಶ್ವರನ ಗುಡಿಗೆ ಒಂದು ಸುತ್ತು ಹೋಗಿ ಬಂದೆ. ಮೇಷ್ಟ್ರು ದಾರಿಯುದ್ದಕ್ಕೂ ಮಾತಾಡಲಿಲ್ಲ. ಎಡಗೈಯನ್ನು ಬಾಗಿಲ ಮೇಲಿಟ್ಟು, ಇಂಜಿನ್ನಿನ ಶಬ್ದ ಕೇಳುತ್ತ ಕೂತಿದ್ದರು. ಇಳಿಯುವಾಗ "ಮೂರನೇ ಗೇರಲ್ಲಿ ಒಂದು ಕಿರಿಕಿರಿ ಇತ್ತಲ್ಲ, ಹೋಗಿದೆ" ಅಂದರು.

ಇದುವರೆಗೆ ಕಾರಿನ ಬೆಲೆಗಿಂತ ಹೆಚ್ಚು ಖರ್ಚಾಗಿದೆ, 61 ಸಾವಿರ. ಒಂದು ರೂಪಾಯಿಗೂ ನನಗೆ ಬೇಸರವಿಲ್ಲ. ನಿಮ್ಮ ಮನೆಯಲ್ಲೋ ನೆಂಟರ ತೋಟದಲ್ಲೋ ಇಂಥದ್ದೊಂದು ಬೆಡ್‌ಶೀಟ್ ಹೊದ್ದು ನಿಂತಿದ್ದರೆ, ಗುಜರಿಯವರಿಗೆ ಫೋನ್ ಮಾಡುವ ಮುಂಚೆ ಒಮ್ಮೆ ಬಾನೆಟ್ ಎತ್ತಿ ನೋಡಿ. ಪ್ಲಗ್ ಬಿಚ್ಚಿ ನಾಲ್ಕು ಹನಿ ಆಯಿಲ್ ಬಿಡಿ, ಹಳೆ ಪೆಟ್ರೋಲ್ ಚೆಲ್ಲಿ ಹೊಸದು ಹಾಕಿ, ಗೊತ್ತಿರುವ ಮೆಕ್ಯಾನಿಕ್‌ನ ಕರೆಸಿ. ಬ್ರೇಕ್ ನೋಡಿಸದೆ ಮಾತ್ರ ರಸ್ತೆಗೆ ತರಬೇಡಿ.